ಕಡ್ಲೆಕಾಯಿ ದಾಟುತ್ತೆ, ಕಾಗದ ದಾಟಲ್ಲ

ಮಧುಗಿರಿಯಿಂದ ಪಾವಗಡಕ್ಕೆ ಬಸ್ಸಲ್ಲಿ ಹೋಗಿದ್ದೀರಾ? ಹೋಗಿದ್ದರೆ ನಿಮ್ಮ ಮೊಬೈಲಿಗೆ ದಾರೀಲಿ ಎರಡು ಮೆಸೇಜು ಬಂದಿರುತ್ತೆ. ಮಿಡಿಗೇಶಿ ಕಳೆದು ಸ್ವಲ್ಪ ದೂರ ಹೋದ ಮೇಲೆ ಆಂಧ್ರಕ್ಕೆ ಸ್ವಾಗತ ಅಂತ ಒಂದು. ಅದನ್ನ ಓದಿ ಮುಗಿಸಿ, ಕಿಟಕಿ ಆಚೆ ನಾಲ್ಕು ಬಂಡೆಗುಡ್ಡ ನೋಡೋಷ್ಟರಲ್ಲಿ ಕರ್ನಾಟಕಕ್ಕೆ ಸ್ವಾಗತ ಅಂತ ಇನ್ನೊಂದು. ಹೊರಟಿದ್ದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನಿಂದ, ಹೋಗ್ತಿರೋದು ಅದೇ ಜಿಲ್ಲೆಯ ಇನ್ನೊಂದು ತಾಲ್ಲೂಕಿಗೆ. ಮಧ್ಯದಲ್ಲಿ ಮಾತ್ರ ಬೇರೆ ರಾಜ್ಯ.

ಒಮ್ಮೆ ಖಾಸಗಿ ಬಸ್ಸಲ್ಲಿ ಹೀಗೇ ಹೋಗ್ತಿದ್ದಾಗ ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ತೊಡೆ ಮೇಲೆ ಪ್ಲಾಸ್ಟಿಕ್ ಕವರು, ಅದರೊಳಗೆ ಜೆರಾಕ್ಸ್ ಕಾಗದಗಳು. ಕಂಡಕ್ಟರ್ ಹತ್ತಿರ ಕನ್ನಡ, ಫೋನಲ್ಲಿ ತೆಲುಗು. "ಗಡಿ ಎಲ್ಲಿ ಬರುತ್ತೆ ಅಜ್ಜಿ?" ಅಂತ ಕೇಳಿದೆ. "ರೋಡ್ನಾಗೆ ಎಲ್ಲಿ ಕಾಣ್ತದಪ್ಪ, ಆಫೀಸ್ನಾಗೆ ಕಾಣ್ತದೆ" ಅಂದರು. ಆಗ ನಕ್ಕು ಸುಮ್ಮನಾದೆ. ಆಮೇಲೆ ಬ್ರೆಕ್ಸಿಟ್ ಬಗ್ಗೆ ಓದ್ತಾ ಓದ್ತಾ ಆ ಮಾತು ಮತ್ತೆ ಮತ್ತೆ ನೆನಪಾಗ್ತಾ ಹೋಯ್ತು.

ಪಾವಗಡಕ್ಕೂ ಬ್ರೆಕ್ಸಿಟ್ಟಿಗೂ ಏನು ಸಂಬಂಧ ಅಂತೀರಾ? ಐರ್ಲೆಂಡಿನ ಒಂದು ರಸ್ತೆಯ ಸಂಬಂಧ. 2016ರ ಜೂನ್ 23ರಂದು ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟ ಬಿಡೋಣ ಅಂತ ಶೇ. 52ರಷ್ಟು ಮತ ಹಾಕಿದರು. ಪ್ರಚಾರದಲ್ಲಿ ವಲಸೆ, ಹಣ, ಸಾರ್ವಭೌಮತ್ವ ಎಲ್ಲದರ ಬಗ್ಗೆಯೂ ಗದ್ದಲ ನಡೆದಿತ್ತು. ಆದರೆ ಬ್ರಿಟನ್ನಿಗೂ ಒಕ್ಕೂಟಕ್ಕೂ ನಡುವೆ ಇರೋ ದೊಡ್ಡ ನೆಲದ ಗಡಿ ಐರ್ಲೆಂಡಿನಲ್ಲಿದೆ, ಸುಮಾರು 500 ಕಿಲೋಮೀಟರ್ ಉದ್ದ, 200ಕ್ಕೂ ಹೆಚ್ಚು ರಸ್ತೆಗಳು ಅದನ್ನ ದಾಟುತ್ತವೆ ಅನ್ನೋದು ಬಹಳ ಜನಕ್ಕೆ ಆಮೇಲೆ ಹೊಳೆದ ವಿಷಯ. ಆ ಗಡೀಲಿ ಕ್ಲೋನ್ಸ್ ಅನ್ನೋ ಊರಿಂದ ಕ್ಯಾವನ್ ಕಡೆಗೆ ಹೋಗೋ ರಸ್ತೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲೇ ನಾಲ್ಕು ಸಲ ಗಡಿ ದಾಟುತ್ತೆ. ಮಧ್ಯದಲ್ಲಿ ಡ್ರಮ್ಮುಲಿ ಅಂತ ಒಂದು ತುಂಡು ನೆಲ. ಅದು ಐರ್ಲೆಂಡ್ ಗಣರಾಜ್ಯದ್ದು, ಆದರೆ ರಸ್ತೇಲಿ ಹೋಗಬೇಕು ಅಂದರೆ ಬ್ರಿಟನ್ನಿನ ಉತ್ತರ ಐರ್ಲೆಂಡ್ ದಾಟಿಯೇ ಹೋಗಬೇಕು. ಇದನ್ನ ಓದಿದಾಗ ನನಗನ್ನಿಸಿದ್ದು: ಅರೆ, ಇದು ನಮ್ಮ ಪಾವಗಡ!

ಈಗ ನಮ್ಮ ಕಡೆಯ ನಕ್ಷೆ ನೋಡೋಣ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಜಿಲ್ಲಾವಾರು ಪಟ್ಟೀಲಿ 'ಮಧುಗಿರಿ' ಅಂತ ಒಂದು ಹೆಸರು ಕಾಣುತ್ತೆ. ಕಂದಾಯ ಇಲಾಖೆಯ ಪಟ್ಟೀಲಿ ಅಂಥ ಜಿಲ್ಲೆಯೇ ಇಲ್ಲ. ಅದು ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳನ್ನ ಸೇರಿಸಿ ಶಿಕ್ಷಣ ಇಲಾಖೆ ಮಾಡಿಕೊಂಡದ್ದು. ನಾಲ್ಕೂ ಬರದ ನಾಡು. ಇದರಲ್ಲಿ ಮೊದಲ ಮೂರು ಒಂದಕ್ಕೊಂದು ಅಂಟಿಕೊಂಡಿವೆ. ಪಾವಗಡ ಮಾತ್ರ ಕಿತ್ತು ಆಚೆ ಇಟ್ಟ ಹಾಗೆ. ಸುತ್ತ ಬಹುಪಾಲು ಆಂಧ್ರ. ಕರ್ನಾಟಕದ ಜೊತೆ ನೆಲದ ನಂಟು ಇರೋದು ಚಿತ್ರದುರ್ಗ ಜಿಲ್ಲೆಯ ಕಡೆಯಿಂದ ಮಾತ್ರ. ತನ್ನದೇ ಜಿಲ್ಲೆಗೆ ಅದು ಅಂಟಿಕೊಂಡಿಲ್ಲ. ಮಧ್ಯೆ ತುರುಕಿಕೊಂಡಿರೋದು ಆಂಧ್ರದ ಮಡಕಶಿರಾ ಸೀಮೆ: ಮಡಕಶಿರಾ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಮಂಡಲಗಳು. ಮೊದಲು ಅನಂತಪುರ ಜಿಲ್ಲೆಯಲ್ಲಿದ್ದವು, 2022ರ ಏಪ್ರಿಲ್‌ನಿಂದ ಪುಟ್ಟಪರ್ತಿ ಕೇಂದ್ರವಾಗಿರೋ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ.

ಇದಕ್ಕಿಂತ ದೊಡ್ಡ ತಮಾಷೆ ಭಾಷೆಯದು. ಕರ್ನಾಟಕದ ಪಾವಗಡದಲ್ಲಿ ಮನೆಮಾತು ಹೆಚ್ಚಾಗಿ ತೆಲುಗು. ಆಂಧ್ರದ ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ಮನೆಮಾತು ಹೆಚ್ಚಾಗಿ ಕನ್ನಡ. ಭಾಷಾವಾರು ಪ್ರಾಂತ ಅಂತ ನಾವು ಶಾಲೇಲಿ ಓದಿದ್ದು ಇಲ್ಲಿಗೆ ಬಂದಾಗ ತಲೆಕೆಳಗಾಗಿ ನಿಂತಿದೆ. ಅದು ಯಾಕೆ ಹೀಗಾಯ್ತು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಇಲ್ಲಿ ಗೆರೆ ಇರಲಿಲ್ಲ. ಸಾವಿರ ವರ್ಷದ ಹಿಂದೆ ನೊಳಂಬರು ಆಳಿದ್ದು ಹೆಂಜೇರಿನಿಂದ. ಅದೇ ಇವತ್ತಿನ ಹೇಮಾವತಿ, ಅಮರಾಪುರ ಮಂಡಲದಲ್ಲಿದೆ. ಅವರ ನೊಳಂಬವಾಡಿಯಲ್ಲಿ ಈಗಿನ ತುಮಕೂರು, ಚಿತ್ರದುರ್ಗ, ಅನಂತಪುರದ ನೆಲ ಎಲ್ಲಾ ಬೆರೆತಿತ್ತು. ಆಮೇಲೆ ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಿಂದ ಆಳಿದ ಚೋಳ ಮನೆತನದವರು ತೆಲುಗು ಚೋಳರ ಕುಲಕ್ಕೆ ಸೇರಿದವರು. ಅವರ ಕಾಲದ ಕನ್ನಡ ಶಾಸನಗಳು ಈ ಸೀಮೆಯಲ್ಲಿ ಸಿಗುತ್ತವೆ. ಯಾವ ಭಾಷೆಯವರು ಯಾವ ಕಡೆ ಅನ್ನೋ ಪ್ರಶ್ನೆ ಅವರಿಗೆ ಬಂದ ಹಾಗೆ ಕಾಣಲ್ಲ.

ಆಮೇಲೆ ಶಿರಾ. ಇವತ್ತು ಬೆಂಗಳೂರು–ಪುಣೆ ಹೆದ್ದಾರೀಲಿ ಊಟಕ್ಕೆ ನಿಲ್ಲಿಸೋ ಊರು ಅಂತ ನಮಗೆ ಗೊತ್ತು. 1687ರಲ್ಲಿ ಮೊಘಲರು ಇದನ್ನ ಒಂದು ಸುಬಾದ ರಾಜಧಾನಿ ಮಾಡಿಕೊಂಡಿದ್ದರು. ಆ ಸುಬಾದ ನೇರ ಆಡಳಿತದಲ್ಲಿದ್ದ ಪರಗಣೆಗಳಲ್ಲಿ ಶಿರಾ, ಬೂದಿಹಾಳು, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರದ ಜೊತೆಗೆ ಪೆನುಕೊಂಡವೂ ಇತ್ತು. ಅಂದರೆ ಪೆನುಕೊಂಡದ ರೈತ ಕಟ್ಟಿದ ಕಂದಾಯದ ಲೆಕ್ಕ ಶಿರಾಕ್ಕೆ ಬರ್ತಿತ್ತು. 1761ರಲ್ಲಿ ಶಿರಾ ಹೈದರಾಲಿ ಕೈಗೆ ಬಂತು. ಹೈದರ್, ಟಿಪ್ಪು ಕಾಲದಲ್ಲಿ ಮಧುಗಿರಿ ಬೆಟ್ಟದ ಕೋಟೆ, ಪಾವಗಡದ ಕೋಟೆ, ಪೆನುಕೊಂಡದ ಕೋಟೆ ಎಲ್ಲವೂ ಒಂದೇ ರಾಜ್ಯದ ಕೋಟೆಗಳು.

ಗೆರೆ ಬಿದ್ದದ್ದು ಟಿಪ್ಪು ಸತ್ತ ಮೇಲೆ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಜೂನ್‌ನಲ್ಲಿ ಗೆದ್ದವರು ಕೂತು ರಾಜ್ಯ ಹಂಚಿಕೊಂಡರು. ಗುತ್ತಿ, ಗುರ್ರಂಕೊಂಡ ಮುಂತಾದ ಸೀಮೆಗಳು ಹೈದರಾಬಾದಿನ ನಿಜಾಮನಿಗೆ. ಉಳಿದ ಮಧ್ಯಭಾಗ ಮೈಸೂರಿನ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿಗೆ. ಮರುವರ್ಷ, 1800ರ ಅಕ್ಟೋಬರ್ 12ರಂದು ನಿಜಾಮ ತನ್ನ ರಕ್ಷಣೆಗೆ ಇಟ್ಟುಕೊಂಡ ಕಂಪನಿ ಸೈನ್ಯದ ಖರ್ಚಿಗೆ ಬದಲಾಗಿ ತನಗೆ ಬಂದಿದ್ದ ಆ ಸೀಮೆಗಳನ್ನ ಕಂಪನಿಗೇ ಬಿಟ್ಟುಕೊಟ್ಟ. ಹಾಗೆ ಬಿಟ್ಟುಕೊಟ್ಟದ್ದಕ್ಕೆ ತೆಲುಗಿನಲ್ಲಿ 'ದತ್ತ ಮಂಡಲ' ಅಂತ ಹೆಸರು. ಇವತ್ತಿನ ರಾಯಲಸೀಮೆ. ಥಾಮಸ್ ಮನ್ರೋ ಅದರ ಪ್ರಧಾನ ಕಲೆಕ್ಟರ್ ಆಗಿ ಬಂದ. ಮಡಕಶಿರಾ ದತ್ತ ಮಂಡಲದೊಳಗೆ ಹೋಯ್ತು, ಪಾವಗಡ ಮೈಸೂರಿನಲ್ಲಿ ಉಳೀತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಹಂಚಿಕೇಲಿ ಯಾರೂ ಜನ ಯಾವ ಭಾಷೆ ಆಡ್ತಾರೆ ಅಂತ ನೋಡಲಿಲ್ಲ, ಸಂತೆ ಎಲ್ಲಿ ನಡೆಯುತ್ತೆ, ಹೆಣ್ಣು ಎಲ್ಲಿಂದ ತರ್ತಾರೆ ಅಂತ ಕೇಳಲಿಲ್ಲ. ನೋಡಿದ್ದು ಕಂದಾಯದ ಹುಟ್ಟುವಳಿ. ಯಾರ ಪಾಲಿಗೆ ಎಷ್ಟು ವರಮಾನ ಬರುತ್ತೆ ಅನ್ನೋ ಲೆಕ್ಕ. ಆ ಲೆಕ್ಕದ ಗೆರೆ ಮೈಸೂರು–ಮದ್ರಾಸ್ ಗಡಿಯಾಯ್ತು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನ ಹಂಚಿದರು: ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಅನಂತಪುರ ಜಿಲ್ಲೇಲಿದ್ದ ಮಡಕಶಿರಾ ಹಾಗೇ ಆಂಧ್ರದಲ್ಲಿ ಉಳೀತು. 1956ರ ನವೆಂಬರ್ 1ಕ್ಕೆ ರಾಜ್ಯಗಳ ಮರುವಿಂಗಡಣೆ ಆದಾಗಲೂ ಇಲ್ಲಿಯ ಗೆರೆ ಅಲುಗಲಿಲ್ಲ. ನಾವು ರಾಜ್ಯೋತ್ಸವ ಮಾಡೋ ನಕ್ಷೇಲಿ ಪಾವಗಡದ ಸುತ್ತ ಕಾಣೋ ಆ ವಕ್ರ ಗೆರೆ ಭಾಷೆಯದ್ದಲ್ಲ, ಲಾರ್ಡ್ ವೆಲ್ಲೆಸ್ಲಿ ಕಾಲದ್ದು.

ಮೊದಲು ನೀರಿನ ಕತೆ ಹೇಳಿಬಿಡ್ತೀನಿ. ಕೊರಟಗೆರೆಯ ಜಯಮಂಗಲಿ ಹುಟ್ಟೋದು ದೇವರಾಯನದುರ್ಗದಲ್ಲಿ. ಕೊರಟಗೆರೆ, ಮಧುಗಿರಿ ತಾಲ್ಲೂಕು ಹಾದು ಹಿಂದೂಪುರದ ಕಡೆ ಉತ್ತರ ಪಿನಾಕಿನಿಗೆ ಸೇರುತ್ತೆ. ನದಿಗೆ ಗಡಿ ಗೊತ್ತಿಲ್ಲ ಅಂತ ಕವಿಗಳು ಹೇಳಬಹುದು. ಆದರೆ 1892ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳು ಒಂದು ಒಪ್ಪಂದ ಮಾಡಿಕೊಂಡವು. ಪಟ್ಟೀಲಿ ಹೆಸರಿದ್ದ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ಅಣೆಕಟ್ಟು ಕಟ್ಟುವಂತಿಲ್ಲ ಅಂತ. ಕಾವೇರಿ ವಿಚಾರದಲ್ಲಿ ಈ ಒಪ್ಪಂದದ ಹೆಸರು ಕೇಳಿರ್ತೀರಿ. ಪಿನಾಕಿನಿಯೂ ಆ ಪಟ್ಟೀಲಿತ್ತು. ನೆಲದ ಮೇಲೆ ಎಳೆದ ಗೆರೆಗೆ ತೊಂಬತ್ತು ವರ್ಷದಲ್ಲಿ ನೀರಿನ ಕಾನೂನು ನೇತುಹಾಕಿದರು. ಗೆರೆ ತಾನಾಗಿ ಏನೂ ಮಾಡಲ್ಲ. ಅದಕ್ಕೆ ಏನೇನು ನೇತುಹಾಕ್ತೀವಿ ಅನ್ನೋದರ ಮೇಲೆ ಅದು ಬರೀ ಗೆರೆಯೋ ಗೋಡೆಯೋ ಅನ್ನೋದು ತೀರ್ಮಾನ ಆಗುತ್ತೆ.

ಈಗ ವ್ಯಾಪಾರಕ್ಕೆ ಬರೋಣ. ಪಾವಗಡ, ಶಿರಾ, ಮಧುಗಿರಿ, ಮಡಕಶಿರಾ ಎಲ್ಲಾ ಕಡ್ಲೆಕಾಯಿ ಸೀಮೆ. ಹಿಂದೂಪುರ ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿಗೆ ಹೆಸರಾದ ಪೇಟೆ. ರೇಷ್ಮೆಗೂಡಿಗೆ ಅಲ್ಲೂ ಮಾರುಕಟ್ಟೆ ಇದೆ, ಆದರೂ ಆಂಧ್ರದ ರೈತರು ಗೂಡು ತುಂಬಿಕೊಂಡು ಶಿಡ್ಲಘಟ್ಟ, ರಾಮನಗರಕ್ಕೆ ಬರ್ತಾರೆ. ರೈತ ರೇಟು ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ ಹೋಗ್ತಾನೆ, ಅದರಲ್ಲಿ ರಾಜ್ಯದ ಪ್ರಶ್ನೆ ಬರಲ್ಲ. ಆದರೆ ವ್ಯಾಪಾರಿಗೆ ಬರ್ತಿತ್ತು. ಅಂತರರಾಜ್ಯ ಮಾರಾಟ ಅಂದರೆ ಕೇಂದ್ರ ಮಾರಾಟ ತೆರಿಗೆ. ಸಿ ಫಾರಂ ಇದ್ದರೆ ಒಂದು ದರ, ಇಲ್ಲದಿದ್ದರೆ ಇನ್ನೊಂದು. 2007ರ ತನಕ ಫಾರಂ ಇದ್ದವರಿಗೆ ಶೇ. 4 ಇತ್ತು, 2008ರ ಹೊತ್ತಿಗೆ ಶೇ. 2ಕ್ಕೆ ಇಳೀತು. ಗಡೀಲಿ ವಾಣಿಜ್ಯ ತೆರಿಗೆಯವರ ಚೆಕ್‌ಪೋಸ್ಟು. ಲಾರಿ ನಿಲ್ಲಿಸಿ, ಬಿಲ್ಲು ತೋರಿಸಿ, ಸೀಲು ಹಾಕಿಸಿಕೊಂಡು ಹೊರಡಬೇಕು. ಹತ್ತು ಕಿಲೋಮೀಟರ್ ಆಚೆ ಇರೋ ಅಂಗಡಿಗೆ ಸರಕು ಕಳಿಸೋದಕ್ಕೆ ಇಷ್ಟೆಲ್ಲ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಆ ತೆರಿಗೆಯ ಬಗ್ಗೆ ನೀವು ಏನೇ ಬೈದುಕೊಳ್ಳಿ, ಈ ಸೀಮೆಯ ಗಡೀಲಿ ಅದು ಮಾಡಿದ ಒಂದು ಕೆಲಸ ಕಣ್ಣಿಗೆ ಕಾಣುತ್ತೆ. ತೆರಿಗೆ ಚೆಕ್‌ಪೋಸ್ಟುಗಳು ಹೋದವು. 2018ರ ಏಪ್ರಿಲ್‌ನಿಂದ 50,000 ರೂಪಾಯಿ ಮೀರಿದ ಸರಕಿಗೆ ಒಂದು ಇ-ವೇ ಬಿಲ್ ಇದ್ದರೆ ಸಾಕು. ಅದು ಹಿಂದೂಪುರದಲ್ಲೂ ಅದೇ, ಮಧುಗಿರೀಲೂ ಅದೇ. ಎರಡೂ ಕಡೆ ಕಾನೂನು ಒಂದೇ ಆದ ತಕ್ಷಣ ಗಡಿ ಕಣ್ಮರೆಯಾಯ್ತು.

ಎಲ್ಲಿ ಕಾನೂನು ಒಂದಾಗಲಿಲ್ಲವೋ ಅಲ್ಲಿ ಗಡಿ ಇನ್ನೂ ಜೀವಂತ. ಪೆಟ್ರೋಲು, ಮದ್ಯ ಎರಡೂ ಜಿಎಸ್‌ಟಿ ಹೊರಗಿವೆ. ಪೆಟ್ರೋಲಿಗೆ ಆಂಧ್ರದಲ್ಲಿ ತೆರಿಗೆ ಹೆಚ್ಚು, ಹಾಗಾಗಿ ಗಡಿಯ ಕರ್ನಾಟಕದ ಬಂಕುಗಳಲ್ಲಿ ಆಂಧ್ರದ ನಂಬರ್ ಪ್ಲೇಟುಗಳು. 1995ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಪಾನನಿಷೇಧ ತಂದಾಗ, ಮತ್ತೆ 2019ರ ನಂತರ ಆಂಧ್ರದಲ್ಲಿ ಮದ್ಯದ ಬೆಲೆ ವಿಪರೀತ ಏರಿದಾಗ, ಕರ್ನಾಟಕದ ಬಾಟಲಿಗೂ ಟೆಟ್ರಾ ಪ್ಯಾಕಿಗೂ ಗಡಿಯಾಚೆ ಬೇಡಿಕೆ ಹುಟ್ಟಿತು, ಪೊಲೀಸರು ಹಿಡಿಯೋದೂ ಶುರುವಾಯ್ತು. ಇನ್ನು ಬೆಂಬಲ ಬೆಲೆ. ರಾಗಿಗೆ ಕೇಂದ್ರ ಘೋಷಿಸೋ ಬೆಲೆ ದೇಶಕ್ಕೆಲ್ಲ ಒಂದೇ. ಖರೀದಿ ಮಾತ್ರ ಆಯಾ ರಾಜ್ಯದ ಜಮೀನು ದಾಖಲೆ ನೋಡಿ. ಇಲ್ಲಿ ಪಹಣಿ, ಅಲ್ಲಿ ಅಡಂಗಲ್. ಎರಡೂ ಕಡೆ ಹೊಲ ಇರೋ ಕುಟುಂಬದಲ್ಲಿ ಒಂದೇ ಕಣದ ರಾಗಿ ಎರಡು ರಾಜ್ಯದ ರಾಗಿ ಆಗಿಬಿಡುತ್ತೆ.

ಈಗ ಐರ್ಲೆಂಡಿನ ರಸ್ತೆಗೆ ವಾಪಸ್ ಬನ್ನಿ. ಅಲ್ಲೂ ಗೆರೆ ಬಿದ್ದದ್ದು 1921ರಲ್ಲಿ. 1923ರಿಂದ ಸುಂಕದ ಕಟ್ಟೆಗಳು ಬಂದವು. ಗಡಿ ಸರಿಪಡಿಸೋಕೆ ಅಂತ ನೇಮಿಸಿದ ಆಯೋಗದ ವರದಿಯನ್ನ 1925ರಲ್ಲಿ ಕಪಾಟಿಗೆ ಸೇರಿಸಿದರು. ಮುಂದೆ ದಶಕಗಳ ಹಿಂಸೆ, ಸೇನೆಯ ಕಾವಲು ಗೋಪುರಗಳು, ಮುಚ್ಚಿದ ರಸ್ತೆಗಳು. ಎರಡೂ ದೇಶಗಳು ಯುರೋಪಿನ ಒಂದೇ ಮಾರುಕಟ್ಟೆಯ ಸದಸ್ಯರಾಗಿದ್ದರಿಂದ 1993ರಲ್ಲಿ ಸುಂಕದ ತಪಾಸಣೆ ನಿಂತಿತು. 1998ರ ಏಪ್ರಿಲ್ 10ರ ಶಾಂತಿ ಒಪ್ಪಂದದ ನಂತರ ಸೈನಿಕರೂ ಹೋದರು. ಗಡಿ ಅಳಿಸಲಿಲ್ಲ, ಸುಮ್ಮನೆ ಕಾಣದ ಹಾಗಾಯ್ತು. ಉತ್ತರದ ಹಸುಗಳ ಹಾಲಿನಲ್ಲಿ ಸುಮಾರು ಮೂರನೇ ಒಂದು ಭಾಗ ದಕ್ಷಿಣದ ಡೇರಿಗಳಿಗೆ ಹೋಗುತ್ತೆ. ದಿನಾ ಬೆಳಿಗ್ಗೆ ಹಾಲಿನ ಟ್ಯಾಂಕರು ಗಡಿ ದಾಟ್ತಿತ್ತು, ಡ್ರೈವರಿಗೆ ಅದು ಗಡಿ ಅಂತ ನೆನಪಾಗೋ ಕಾರಣವೇ ಇರಲಿಲ್ಲ.

ಬ್ರೆಕ್ಸಿಟ್ ಆದಾಗ ಆ ಟ್ಯಾಂಕರು ಎರಡು ಕಾನೂನುಗಳ ನಡುವೆ ಸಿಕ್ಕಿಕೊಳ್ಳೋ ಪರಿಸ್ಥಿತಿ ಬಂತು. ಮತ್ತೆ ಸುಂಕದ ಕಟ್ಟೆ ಕಟ್ಟಿದರೆ ಶಾಂತಿ ಕೆಡುತ್ತೆ ಅಂತ ಹೆದರಿಕೆ. ಕೊನೆಗೆ ಸರಕಿನ ಮಟ್ಟಿಗೆ ಉತ್ತರ ಐರ್ಲೆಂಡು ಯುರೋಪಿನ ನಿಯಮಗಳನ್ನೇ ಪಾಲಿಸೋದು, ತಪಾಸಣೆಯನ್ನ ಸಮುದ್ರದ ಕಡೆಗೆ, ಬಂದರುಗಳಿಗೆ ಒಯ್ಯೋದು ಅಂತ ಒಪ್ಪಂದ ಆಯ್ತು. 2020ರ ಡಿಸೆಂಬರ್ 31ಕ್ಕೆ ಪರಿವರ್ತನೆಯ ಅವಧಿ ಮುಗೀತು. ಆಮೇಲೂ ಜಗಳ ನಿಲ್ಲಲಿಲ್ಲ, 2023ರಲ್ಲಿ ವಿಂಡ್ಸರ್ ಚೌಕಟ್ಟು ಅಂತ ಮತ್ತೊಂದು ತಿದ್ದುಪಡಿ ಬಂತು. ಇಷ್ಟೆಲ್ಲ ತಲೆನೋವು ಸರಕಿಗೆ. ಜನಕ್ಕಲ್ಲ! ಬ್ರಿಟಿಷ್ ಮತ್ತು ಐರಿಷ್ ನಾಗರಿಕರಿಗೆ 1920ರ ದಶಕದಿಂದಲೂ ಒಂದು ವ್ಯವಸ್ಥೆ ಇದೆ. ಆಚೆ ಈಚೆ ಓಡಾಡಬಹುದು, ಕೆಲಸ ಮಾಡಬಹುದು, ಓದಬಹುದು, ಆಸ್ಪತ್ರೆಗೆ ಹೋಗಬಹುದು. ಬ್ರೆಕ್ಸಿಟ್ ನಂತರವೂ ಅದನ್ನ ಉಳಿಸಿಕೊಂಡರು. ಅದು ಅವರಿಬ್ಬರಿಗೆ ಮಾತ್ರ ಅನ್ನೋದು ಬೇರೆ ಮಾತು. ಡಬ್ಲಿನ್ನಿನಲ್ಲಿ ಕೆಲಸ ಮಾಡೋ ನಮ್ಮೂರಿನ ಭಾರತೀಯ ಪಾಸ್‌ಪೋರ್ಟಿನ ಹುಡುಗನಿಗೆ ಬೆಲ್‌ಫಾಸ್ಟಿಗೆ ಹೋಗೋಕೆ ಬ್ರಿಟನ್ನಿನ ವೀಸಾ ಬೇಕು, ದಾರೀಲಿ ಯಾರೂ ನಿಲ್ಲಿಸಿ ಕೇಳದೇ ಇದ್ದರೂ.

ಅಲ್ಲಿ ಜನ ದಾಟಬಹುದು, ಹಾಲಿಗೆ ಕಾಗದ ಬೇಕು. ನಮ್ಮಲ್ಲಿ ಇದು ಪೂರ್ತಿ ಉಲ್ಟಾ. ಕಡ್ಲೆಕಾಯಿ ಮೂಟೆ ಆರಾಮಾಗಿ ದಾಟುತ್ತೆ. ಪಾವಗಡದ ಸೋಲಾರ್ ಪಾರ್ಕಿನಲ್ಲಿ 13,000 ಎಕರೆಯಲ್ಲಿ ಹುಟ್ಟೋ 2,050 ಮೆಗಾವಾಟ್ ವಿದ್ಯುತ್ತು ಗ್ರಿಡ್ ಸೇರಿ ಎಲ್ಲಿಗೆ ಬೇಕಾದರೂ ಹೋಗುತ್ತೆ. ಮನುಷ್ಯನೂ ಬಸ್ ಹತ್ತಿ ದಾಟಿಬಿಡ್ತಾನೆ, ಅದಕ್ಕೇನೂ ತಡೆಯಿಲ್ಲ. ಆದರೆ ಅವನ ಹಿಂದೆ ಅವನ ಕಾಗದ ದಾಟಲ್ಲ.

ಓದಿನ ವಿಷಯ ತೊಗೊಳ್ಳಿ. ಮಡಕಶಿರಾ ಸೀಮೇಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅಲ್ಲಿ ಕನ್ನಡದಲ್ಲಿ ಹತ್ತನೇ ಕ್ಲಾಸ್ ಮುಗಿಸಿದ ಹುಡುಗಿಗೆ ಮುಂದೆ ಓದೋಕೆ ಹತ್ತಿರದ ಕನ್ನಡದ ಊರುಗಳು ಅಂದರೆ ಶಿರಾ, ಮಧುಗಿರಿ, ಪಾವಗಡ. ಇಲ್ಲಿ ಬಂದು ಪಿಯುಸಿ ಓದ್ತಾಳೆ ಅಂತಿಟ್ಟುಕೊಳ್ಳಿ. ಕರ್ನಾಟಕದ ಸಿಇಟೀಲಿ ಸಾಮಾನ್ಯ ನಿಯಮದ ಪ್ರಕಾರ ಸರ್ಕಾರಿ ಸೀಟು ಬೇಕಾದರೆ ರಾಜ್ಯದೊಳಗೆ ಕನಿಷ್ಠ 7 ವರ್ಷ ಓದಿರಬೇಕು. ಅವಳು ಓದಿದ್ದು ಎರಡು ವರ್ಷ. ಗಡಿನಾಡು, ಹೊರನಾಡು ಕನ್ನಡಿಗರಿಗೆ ಅಂತ ಬೇರೆ ಕಲಮುಗಳಿವೆ, ನಿಜ. ಆದರೆ ಅವಕ್ಕೆ ಬೇರೆ ದಾಖಲೆ, ಬೇರೆ ಪರೀಕ್ಷೆ, ಬೇರೆ ಓಡಾಟ. ಹಾಗಾದರೆ ಆಂಧ್ರದಲ್ಲೇ ಸೀಟು ಕೇಳೋಣ ಅಂದರೆ, ಅಲ್ಲಿ ಸಂವಿಧಾನದ 371-ಡಿ ವಿಧಿ, 1974ರ ರಾಷ್ಟ್ರಪತಿ ಆದೇಶ. ಶೇ. 85 ಸೀಟು ಸ್ಥಳೀಯರಿಗೆ. ಸ್ಥಳೀಯ ಅನ್ನಿಸಿಕೊಳ್ಳೋ ನೇರ ದಾರಿ ಅಂದರೆ ಅರ್ಹತಾ ಪರೀಕ್ಷೆಗೆ ಮುಂಚಿನ ನಾಲ್ಕು ವರ್ಷ ಸತತವಾಗಿ ಅಲ್ಲೇ ಓದಿರಬೇಕು. ಅವಳ ಕೊನೆಯ ಎರಡು ವರ್ಷ ಕರ್ನಾಟಕದ್ದು. ಮತ್ತೆ ವಾಸದ ದಾಖಲೆ ಹುಡುಕಬೇಕು. ಎರಡು ರಾಜ್ಯಗಳೂ ತಮ್ಮ ಮಕ್ಕಳಿಗೆ ನ್ಯಾಯವಾಗಲಿ ಅಂತಲೇ ಮಾಡಿರೋ ನಿಯಮಗಳು ಇವು. ಮಧ್ಯದಲ್ಲಿರೋ ಹುಡುಗಿ ಮಾತ್ರ ಎರಡೂ ಕಡೆ ಅರ್ಧರ್ಧ.

ಇದಕ್ಕಿಂತ ಆಳವಾದ್ದು ಜಾತಿ ಪಟ್ಟಿ. ಬೋವಿ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿ ದಾಟಿದರೆ ಅದೇ ಕಸುಬಿನ, ಅದೇ ಬಳಗದ ವಡ್ಡೆರರು ಹಿಂದುಳಿದ ವರ್ಗದ ಎ ಗುಂಪು. ಲಂಬಾಣಿಗರು ಇಲ್ಲಿ ಪರಿಶಿಷ್ಟ ಜಾತಿ, ಅಲ್ಲಿ ಪರಿಶಿಷ್ಟ ಪಂಗಡ. ನಾಯಕ, ವಾಲ್ಮೀಕಿಗಳು ಇಲ್ಲಿ ಪರಿಶಿಷ್ಟ ಪಂಗಡ, ಅಲ್ಲಿಯ ಬಯಲುಸೀಮೆಯ ಬೋಯರು ಹಿಂದುಳಿದ ವರ್ಗ. ಅವರನ್ನ ಪಂಗಡಕ್ಕೆ ಸೇರಿಸಬೇಕು ಅಂತ ಆಂಧ್ರ ವಿಧಾನಸಭೆ 2023ರಲ್ಲಿ ನಿರ್ಣಯ ಮಾಡಿತು. ಬೀಗರು, ಕುಲದೇವರು ಎಲ್ಲಾ ಒಂದೇ, ಸರ್ಟಿಫಿಕೇಟು ಮಾತ್ರ ಬೇರೆ.

ಬೇರೆ ಪಟ್ಟಿ ಯಾಕೆ ಅಂದರೆ ಮತ್ತೆ ಅದೇ ಹಳೇ ಗೆರೆ. ಪರಿಶಿಷ್ಟ ಜಾತಿಗಳ ಮೊದಲ ಆದೇಶ ಹೊರಟದ್ದು 1950ರ ಆಗಸ್ಟ್ 10ರಂದು, ರಾಜ್ಯವಾರು ಪಟ್ಟಿಗಳಾಗಿ. ಮೈಸೂರಿನ ಪಟ್ಟೀಲಿ ಬೋವಿ, ಲಂಬಾಣಿ ಎರಡೂ ಇದ್ದವು. ಮಡಕಶಿರಾ ಆಗ ಮದ್ರಾಸಿನಲ್ಲಿತ್ತು, ಅಲ್ಲಿ ಬೇರೆ ಪಟ್ಟಿ. ಒಂದು ರಾಜ್ಯದಲ್ಲಿ ಸಿಕ್ಕ ಸ್ಥಾನ ಇನ್ನೊಂದು ರಾಜ್ಯಕ್ಕೆ ವಲಸೆ ಹೋದವರ ಜೊತೆ ಹೋಗಲ್ಲ ಅಂತ ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು, 2018ರಲ್ಲಿ ಸಂವಿಧಾನ ಪೀಠ ಸರ್ಕಾರಿ ಉದ್ಯೋಗದ ವಿಷಯದಲ್ಲೂ ಅದನ್ನೇ ಹೇಳಿತು. ಅದಕ್ಕೆ ತರ್ಕ ಇದೆ: ಒಂದು ಸಮುದಾಯ ಅನುಭವಿಸೋ ತೊಂದರೆ ಊರಿಂದ ಊರಿಗೆ ಬೇರೆ, ಎಲ್ಲಿಂದಲೋ ಬಂದವರು ಇಲ್ಲಿಯವರ ಪಾಲು ತಗೊಳ್ಳಬಾರದು. ಉತ್ತರಪ್ರದೇಶದಿಂದ ಮುಂಬಯಿಗೆ ಹೋದವರ ವಿಷಯದಲ್ಲಿ ಈ ಮಾತು ಅರ್ಥವಾಗುತ್ತೆ. ಎಂಟು ಕಿಲೋಮೀಟರ್ ಆಚೆ ಮದುವೆಯಾಗಿ ಹೋದ ಹೆಣ್ಣು ಮಗಳ ವಿಷಯದಲ್ಲಿ? ವಲಸೆ ಅನ್ನೋ ಪದವೇ ಅಲ್ಲಿ ಹೊಂದಲ್ಲ. ಅವಳು ಹಬ್ಬಕ್ಕೆ ತವರಿಗೆ ಬಂದು ಸಂಜೆ ಬಸ್ಸಿಗೆ ವಾಪಸ್ ಹೋಗ್ತಾಳೆ.

ಬಸ್ಸಿನ ಅಜ್ಜಿ ಕವರಿನಲ್ಲಿದ್ದದ್ದೂ ಇದೇ. ಮಗಳನ್ನ ಗಡಿಯಾಚೆ ಕೊಟ್ಟಿದ್ದರು. ಅಳಿಯ ತೀರಿಕೊಂಡ ಮೇಲೆ ಮೊಮ್ಮಗಳು ಅಜ್ಜಿ ಹತ್ತಿರವೇ ಬೆಳೆದದ್ದು. ಅವಳ ಜಾತಿ ಪ್ರಮಾಣಪತ್ರಕ್ಕೆ ತಂದೆಯ ಕಡೆಯ ದಾಖಲೆ ಬೇಕು. ತಂದೆಯ ಮನೆತನ 1950ರಲ್ಲಿ ಯಾವ ರಾಜ್ಯದಲ್ಲಿತ್ತು ಅನ್ನೋದು ಪ್ರಶ್ನೆ. "ಅವರಪ್ಪನ ತಾತ ಎಲ್ಲಿದ್ನೋ ನಂಗೇನು ಗೊತ್ತು ಸ್ವಾಮಿ, ಆವಾಗ ಕೆರೆ ಕೆಲಸಕ್ಕೆ ಎಲ್ಲಿ ಕರೆದ್ರೆ ಅಲ್ಲಿಗೆ ಹೋಗೋರು" ಅಂದರು. ಕೆರೆ ತೋಡ್ತಾ, ಕಲ್ಲು ಒಡೀತಾ ಊರೂರು ತಿರುಗಿದ ಮನೆತನದವರು ಮೈಸೂರಿನ ಕಡೆ ಇದ್ದರೋ ಮದ್ರಾಸಿನ ಕಡೆ ಇದ್ದರೋ ಅಂತ ಬರೆದಿಟ್ಟವರು ಯಾರು? ಆ ಹುಡುಗಿ ಹಾಸ್ಟೆಲ್ ಸೇರೋದು, ಸ್ಕಾಲರ್‌ಶಿಪ್ ಬರೋದು ಈ ಉತ್ತರದ ಮೇಲೆ ನಿಂತಿತ್ತು. ಟಿಪ್ಪು ರಾಜ್ಯ ಹಂಚಿಕೊಂಡವರ ಲೆಕ್ಕ ಇನ್ನೂರು ವರ್ಷ ಕಳೆದು ಒಬ್ಬ ಹುಡುಗಿಯ ಅರ್ಜಿಯ ಮೇಲೆ ಬಂದು ಕೂತಿತ್ತು.

ಈಚೆಗೆ ಇನ್ನೊಂದು ಸಣ್ಣ ಗಡಿ ಹುಟ್ಟಿಕೊಂಡಿದೆ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ, ರಾಜ್ಯದ ನಿವಾಸಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. 2025ರ ಆಗಸ್ಟ್ 15ರಿಂದ ಆಂಧ್ರದಲ್ಲಿ ಸ್ತ್ರೀ ಶಕ್ತಿ, ಅಲ್ಲಿಯ ಹೆಣ್ಣುಮಕ್ಕಳಿಗೆ. ಎರಡಕ್ಕೂ ಆಧಾರ್‌ನಲ್ಲಿರೋ ವಿಳಾಸವೇ ಮುಖ್ಯ. ಅಕ್ಕನನ್ನ ಪಾವಗಡಕ್ಕೆ, ತಂಗಿಯನ್ನ ರೊಳ್ಳಕ್ಕೆ ಕೊಟ್ಟಿದ್ದರೆ, ಶಿರಾದಿಂದ ತುಮಕೂರಿನ ಆಸ್ಪತ್ರೆಗೆ ಒಂದೇ ಸೀಟಲ್ಲಿ ಕೂತು ಹೋಗೋ ಇಬ್ಬರಲ್ಲಿ ಒಬ್ಬಳಿಗೆ ಶೂನ್ಯ ಟಿಕೆಟು, ಇನ್ನೊಬ್ಬಳಿಗೆ ಪೂರ್ತಿ ಚಾರ್ಜು.

ಈ ಗಡಿ ನಿಜವಾಗಿಯೂ ಮುಚ್ಚಿದರೆ ಹೇಗಿರುತ್ತೆ ಅನ್ನೋದನ್ನೂ ನಾವು ನೋಡಿಬಿಟ್ಟಿದ್ದೀವಿ. 2020ರ ಮಾರ್ಚ್ ಕೊನೆಯ ವಾರ ದೇಶಕ್ಕೆ ಬೀಗ ಬಿತ್ತು. ಕಾಸರಗೋಡು–ಮಂಗಳೂರು ನಡುವಿನ ರಸ್ತೆಗಳಿಗೆ ಮಣ್ಣು ಸುರಿದದ್ದು, ರೋಗಿಗಳು ದಾಟಲಾರದೆ ಒದ್ದಾಡಿದ್ದು ಸುದ್ದಿಯಾಯ್ತು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯ್ತು. ಮುಂದಿನ ತಿಂಗಳುಗಳಲ್ಲಿ ಅಂತರರಾಜ್ಯ ಓಡಾಟಕ್ಕೆ ಪಾಸು ಬೇಕಾಯ್ತು, ಕರ್ನಾಟಕಕ್ಕೆ ಬರೋರು ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಆಗ ಪಾವಗಡದ ಸ್ಥಿತಿ ಊಹಿಸಿ. ತಮ್ಮದೇ ಜಿಲ್ಲಾಸ್ಪತ್ರೆಗೆ, ತಮ್ಮದೇ ಜಿಲ್ಲಾಧಿಕಾರಿ ಕಚೇರಿಗೆ ನೇರ ದಾರಿ ಹಿಡಿದರೆ ಎರಡು ಸಲ ಅಂತರರಾಜ್ಯ ಗಡಿ. ಬೇಡ ಅಂದರೆ ಚಿತ್ರದುರ್ಗ ಜಿಲ್ಲೆ ಸುತ್ತಿ ಬರಬೇಕು. ನಕ್ಷೆಯಲ್ಲಿ ಕುತೂಹಲದ ವಸ್ತುವಾಗಿದ್ದ ಗೆರೆ ರಾತ್ರೋರಾತ್ರಿ ಗೋಡೆಯಾಯ್ತು.

ಹಾಗಾದರೆ ಗಡಿ ಬದಲಾಯಿಸಬೇಕಾ, ಪಾವಗಡ ಆಚೆ ಕೊಟ್ಟು ಮಡಕಶಿರಾ ಈಚೆ ತರಬೇಕಾ? ನನಗೆ ಹಾಗನ್ನಿಸಲ್ಲ. ಎಲ್ಲಿ ಎಳೆದರೂ ಗೆರೆ ಯಾರದ್ದಾದರೂ ಹೊಲದ ಮೇಲೇ ಹೋಗುತ್ತೆ. ಐರ್ಲೆಂಡಿನವರು ಕಲಿತದ್ದು ಗೆರೆ ಅಳಿಸೋದನ್ನಲ್ಲ, ಅದರ ಎರಡೂ ಬದಿಯ ಕಾನೂನನ್ನ ಗಡಿಯ ಜನಕ್ಕೆ ಬೇಕಾದಷ್ಟು ಮಟ್ಟಿಗೆ ಒಂದು ಮಾಡೋದನ್ನ. ನಾವೂ ಜಿಎಸ್‌ಟೀಲಿ ಸರಕಿಗೆ ಅದನ್ನ ಮಾಡಿದ್ದೀವಿ. ಗಡಿ ತಾಲ್ಲೂಕಿನ ಮಕ್ಕಳಿಗೂ ಮಾಡಬಹುದು. ಮಡಕಶಿರಾದ ಕನ್ನಡ ಶಾಲೇಲಿ ಓದಿದ ವರ್ಷಗಳನ್ನ ಬೇರೆ ಪರೀಕ್ಷೆ ಇಲ್ಲದೆ ಇಲ್ಲಿ ಓದಿದ ವರ್ಷ ಅಂತಲೇ ಎಣಿಸಬಹುದು. ಇಲ್ಲಿ ಎರಡು ವರ್ಷ ಓದಿದ್ದಕ್ಕೆ ಆಂಧ್ರ ಅವಳನ್ನ ಹೊರಗಿನವಳು ಅನ್ನದೆ ಇರಬಹುದು. ಅಕ್ಕಪಕ್ಕದ ತಾಲ್ಲೂಕುಗಳ ಒಳಗಿನ ಮದುವೆಯನ್ನ ವಲಸೆ ಅನ್ನಬಾರದು ಅಂತ ಸಂಸತ್ತು ಒಂದು ಸಾಲು ಸೇರಿಸಬಹುದು. ಕರ್ನಾಟಕದಲ್ಲಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅಂತ ಒಂದು ಸಂಸ್ಥೆಯೇ ಇದೆ. ಭವನ, ಉತ್ಸವಗಳ ಜೊತೆ ಇಂಥ ಕಾಗದದ ಕೆಲಸವನ್ನೂ ಅದು ಕೈಗೆತ್ತಿಕೊಳ್ಳಬಹುದು.

ಎರಡು ರಾಜ್ಯ ಸೇರಿ ಕೆಲಸ ಮಾಡೋದು ಆಗದ ಮಾತೇನಲ್ಲ. ತುಮಕೂರು–ರಾಯದುರ್ಗ ರೈಲು ಮಾರ್ಗ 2007–08ರಲ್ಲಿ ಮಂಜೂರಾದದ್ದು, ಸುಮಾರು 207 ಕಿಲೋಮೀಟರ್. ಕೊರಟಗೆರೆ, ಮಧುಗಿರಿ, ಆಮೇಲೆ ಆಂಧ್ರದ ಮಡಕಶಿರಾ, ಮತ್ತೆ ಕರ್ನಾಟಕದ ಪಾವಗಡ, ಮತ್ತೆ ಆಂಧ್ರದ ಕಲ್ಯಾಣದುರ್ಗ. ಹಳಿ ಹೋಗೋ ದಾರಿ ನೋಡಿದರೆ ನೊಳಂಬರ ಕಾಲದ ನಕ್ಷೆ ನೋಡಿದ ಹಾಗಿದೆ. ಕೆಲಸ ನಿಧಾನ, ಆದರೆ ರಾಯದುರ್ಗದ ತುದೀಲಿ ಒಂದಷ್ಟು ದೂರ ಹಳಿ ಬಿದ್ದಿದೆ. ಪೂರ್ತಿಯಾದ ದಿನ ಮಧುಗಿರಿಯಿಂದ ಪಾವಗಡಕ್ಕೆ ಒಂದೇ ಟಿಕೆಟು ಕೊಳ್ಳಬಹುದು, ಮಧ್ಯೆ ಯಾವ ರಾಜ್ಯ ಅಂತ ಆ ಟಿಕೆಟ್ಟಲ್ಲಿ ಬರೆದಿರಲ್ಲ.

ಪಾವಗಡದ ಬಸ್‌ಸ್ಟ್ಯಾಂಡಲ್ಲಿ ಇಳಿಯುವಾಗ ಅಜ್ಜಿ ಕವರನ್ನ ಸೆರಗಿನೊಳಗೆ ಮುಚ್ಚಿಕೊಂಡರು. ಮೇಲೆ ಮೋಡ ಆಗಿತ್ತು. "ನೆಂದರೆ ಮತ್ತೆ ಮೊದಲಿಂದ ಮಾಡಿಸಬೇಕು" ಅಂದು ಬೇಗ ಬೇಗ ಹೆಜ್ಜೆ ಹಾಕಿದರು.